ಕಚ್ಚಿಕೊಂಡ ನಟ್ಟಿಗೆ ತಕ್ಕ ಹತ್ಯಾರು

ನಮ್ಮ ಕಡೆಯ ಹಳೆಯ ಲಾರಿ, ಜೀಪುಗಳ ಅಡಿಭಾಗದ ನಟ್ಟು ಬೋಲ್ಟುಗಳು ಬಯಲುಸೀಮೆಯ ಗಾಡಿಗಳಿಗಿಂತ ಬೇಗ ಕಚ್ಚಿಕೊಳ್ಳುತ್ತವೆ. ಮಳೆ, ಕೆಸರು ಒಂದು ಕಾರಣ. ಇನ್ನೊಂದನ್ನು ನಾವೇ ಹೇರುತ್ತೇವೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಒದ್ದೆಯಾದರೆ ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದೆಂದು ಬೋರ್ಡೋ ದ್ರಾವಣ ಮಾಡುವ ಎಲ್ಲರಿಗೂ ಗೊತ್ತು. ಅದೇ ನೀರು ಲಾರಿಯ ಹಲಗೆಯ ಸಂದಿನಿಂದ ಸೋರಿ ಬೋಲ್ಟಿನ ಮೇಲೆ ಬಿದ್ದರೆ ಬಿಟ್ಟೀತೆ?

ಇಂಥ ನಟ್ಟನ್ನು ಬಿಚ್ಚುವಾಗ ಮೊದಲು ನೋಡಬೇಕಾದದ್ದು ತೋಳಿನ ಬಲವನ್ನಲ್ಲ, ಅಳತೆಯನ್ನು. 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಟಾಟಾದವರು ತಯಾರಿಸಿದ ಲಾರಿಗಳದು ಮಿಲಿಮೀಟರ್ ಲೆಕ್ಕ. ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳದು ಅಮೆರಿಕದ ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲವಾಗಿ. ಸಲೀಸಾದ ನಟ್ಟಿಗೆ ನಡೆದೀತು; ತುಕ್ಕು ಹಿಡಿದದ್ದರ ಮೂಲೆ ಸವೆದು ಗುಂಡಗಾಗುತ್ತದೆ. 9/16 ಇಂಚಿಗಂತೂ 14 ಹೋಗದು, 15 ಜಾರುತ್ತದೆ. 3/4ಕ್ಕೆ 19 ಮಾತ್ರ ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ಜೀಪು ಇಟ್ಟುಕೊಂಡವರು ಇಂಚಿನ ರಿಂಗ್ ಸ್ಪ್ಯಾನರುಗಳ ಒಂದು ಸೆಟ್ಟನ್ನು, ಗುಜರಿ ಅಂಗಡಿಯಿಂದಾದರೂ ಸರಿ, ತಂದಿಟ್ಟುಕೊಳ್ಳುವುದು ಲೇಸು. ಬಾಯಿ ತೆರೆದ ಸ್ಪ್ಯಾನರ್ ನಟ್ಟಿನ ಎರಡು ಮೂಲೆಗೆ ಮಾತ್ರ ಬಲ ಕೊಡುತ್ತದೆ. ರಿಂಗು ಆರಕ್ಕೂ ಕೊಡುತ್ತದೆ. ಸ್ಕ್ರೂ ಸ್ಪ್ಯಾನರನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ.

ಹಿಂದಿನ ದಿನವೇ ತಂತಿ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಎಣ್ಣೆ ಬೆರೆಸಿ ಹನಿಸಿ, ನಟ್ಟಿನ ಬದಿಗೆ ಸುತ್ತಿಗೆಯಿಂದ ನಾಲ್ಕು ಸಣ್ಣ ಏಟು ಹಾಕಿಡಿ. ಮಾರನೆಯ ದಿನ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿ. ವಿಲ್ಲೀಸ್ ಜೀಪಿನ ಎಡಗಡೆಯ ಚಕ್ರದ ನಟ್ಟುಗಳು ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥವು. ಇದು ತಿಳಿಯದೆ ಎಷ್ಟೋ ಮಂದಿ ನಟ್ಟು ಕಚ್ಚಿದೆಯೆಂದು ಪೈಪು ಸೇರಿಸಿ ಎಳೆದು ಸ್ಟಡ್ಡನ್ನೇ ಮುರಿಯುತ್ತಾರೆ.

ಸ್ಟೀರಿಂಗಿನ ಟೈರಾಡ್ ತುದಿ ಕಚ್ಚಿದ್ದರೆ ಎಣ್ಣೆಯಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಓರೆಯಾಗಿ ಬಿಗಿದು ಕೂತ ಜೋಡಣೆ. ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ, ಅದು ಕೂತಿರುವ ಕಣ್ಣಿನ ಎರಡೂ ಬದಿಗೆ ಎರಡು ಸುತ್ತಿಗೆಗಳಿಂದ ಒಟ್ಟಿಗೆ ಹೊಡೆದರೆ ಟಪ್ಪೆಂದು ಬಿಡುತ್ತದೆ. ಬ್ರೇಕ್ ಡ್ರಮ್ಮಿಗೆ ಮಾತ್ರ ಹೀಗೆ ಹೊಡೆಯಬಾರದು, ಎರಕದ ಕಬ್ಬಿಣ ಸೀಳುತ್ತದೆ. ಮೊದಲು ಬ್ರೇಕಿನ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ. ಅನೇಕ ಲಾರಿಗಳ ಡ್ರಮ್ಮಿನ ಮುಖದಲ್ಲಿ ಮರೆಯುಳ್ಳ ಎರಡು ತೂತುಗಳಿರುತ್ತವೆ. ಕೆಸರು ತುಂಬಿ ಕಾಣುವುದಿಲ್ಲ, ಅಷ್ಟೆ. ಅವಕ್ಕೆ ಬೋಲ್ಟು ಹಾಕಿ ಸರದಿಯಂತೆ ಅರ್ಧರ್ಧ ಸುತ್ತು ಬಿಗಿಸಿದರೆ ಡ್ರಮ್ಮು ತಾನೇ ಹೊರಬರುತ್ತದೆ.

ಗ್ಯಾಸಿನಿಂದ ಕಾಯಿಸುವುದು ಕೊನೆಯ ಉಪಾಯ. ಹೊರಗಿನ ನಟ್ಟನ್ನು ಕಾಯಿಸಬೇಕು, ಒಳಗಿನ ಬೋಲ್ಟನ್ನಲ್ಲ. ಹನಿಸಿದ ಎಣ್ಣೆಯನ್ನು ಮೊದಲೇ ಒರೆಸಿರಬೇಕು. ಟ್ಯಾಂಕು, ಬ್ರೇಕಿನ ಪೈಪು, ಟೈರುಗಳ ಹತ್ತಿರ ಉರಿ ಬೇಡವೇ ಬೇಡ.

ಜೀವಕ್ಕೇ ಅಪಾಯವಿರುವುದು ಚಕ್ರದಲ್ಲಿ. ಲಾಕ್ ರಿಂಗ್ ಇರುವ ಹಳೆಯ ರಿಮ್ಮು ತುಕ್ಕು ತಿಂದಿದ್ದರೆ, ಚಕ್ರದ ನಟ್ಟು ಸಡಿಲಿಸುತ್ತಲೇ ಗಾಳಿಯ ಒತ್ತಡಕ್ಕೆ ರಿಂಗು ಸಿಡಿಯಬಹುದು. ಎದುರಿಗೆ ಕೂತವನು ಉಳಿಯುವುದು ಕಷ್ಟ. ಸ್ಪ್ಯಾನರ್ ಹಿಡಿಯುವ ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಿ. ಜೋಡಿ ಚಕ್ರವಾದರೆ ಎರಡರದ್ದೂ ಬಿಡಬೇಕು. ಎರಡು ಹೋಳು ಸೇರಿಸಿದ ರಿಮ್ಮುಗಳಲ್ಲಿ ನಟ್ಟಿನ ಎರಡು ಸಾಲುಗಳಿರುತ್ತವೆ. ಗಾಳಿಯಿರುವಾಗ ಹೋಳು ಸೇರಿಸಿದ ಸಾಲನ್ನು ಮುಟ್ಟಕೂಡದು. ಮೆಕ್ಯಾನಿಕ್ಕು ಅವಸರ ಮಾಡಿದರೂ ನೀವು ಬಿಡಬೇಡಿ.

ಏನು ಮಾಡಿದರೂ ಬಾರದ ನಟ್ಟನ್ನು ಉಳಿಯಿಂದ ಸೀಳಿ ತೆಗೆಯಬಹುದು. ಹೊಸ ಬೋಲ್ಟು ತರುವಾಗ ಹಳೆಯದರ ತಲೆ ನೋಡಿ: 8.8 ಎಂಬ ಅಂಕಿಯಿದ್ದರೆ ಅದೇ ಅಂಕಿಯದು, ಇಂಚಿನ ಬೋಲ್ಟಿನ ತಲೆಯಲ್ಲಿ 3 ಅಥವಾ 6 ಗೀಟುಗಳಿದ್ದರೆ ಅಷ್ಟೇ ಗೀಟಿನದು ಬೇಕು. ಸ್ಟೀರಿಂಗು, ಬ್ರೇಕುಗಳಿಗೆ ಗೇಟಿನ ಬೋಲ್ಟು ಹಾಕಿಸಿಕೊಂಡು ಘಾಟಿ ಇಳಿಯಬೇಡಿ.