ಎಂಟುನೂರು ನುಡಿಗಳ ನಾಡಿಗೆ ಐವತ್ತು ವರ್ಷ

2025ರ ಸೆಪ್ಟೆಂಬರ್ 16ರಂದು ಪಾಪುವಾ ನ್ಯೂಗಿನಿ ತನ್ನ ಸ್ವಾತಂತ್ರ್ಯದ ಸುವರ್ಣ ಮಹೋತ್ಸವವನ್ನು ಆಚರಿಸಿತು. ಆಸ್ಟ್ರೇಲಿಯಾದ ಉತ್ತರಕ್ಕೆ, ಶಾಂತಸಾಗರದ ಪಶ್ಚಿಮದ ಅಂಚಿನಲ್ಲಿರುವ ಈ ದೇಶದ ಹೆಸರು ಭೂಕಂಪ, ಜ್ವಾಲಾಮುಖಿಗಳ ಸಂದರ್ಭದಲ್ಲಲ್ಲದೆ ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಅಪರೂಪ. ಆದರೆ ಎಂಟುನೂರಕ್ಕೂ ಹೆಚ್ಚು ಭಾಷೆಗಳನ್ನಾಡುವ ಜನರು ಒಂದೇ ಧ್ವಜದಡಿ ಸೇರಿದ ಬಗೆ, ಅದರಲ್ಲಿ ಯುವ ನಾಯಕರೂ ಕಲಾವಿದರೂ ವಹಿಸಿದ ಪಾತ್ರ, ತಾಯ್ನುಡಿಯನ್ನೇ ಬಂಧವಾಗಿ ನೆಚ್ಚಿಕೊಂಡು ಹೊರನಾಡಿನಲ್ಲಿ ನೆಲೆಸಿರುವ ನಾವು ಅರಿಯಬೇಕಾದ ಸಂಗತಿಯಾಗಿದೆ.

ಈ ದೇಶದ ಉತ್ತರ ಭಾಗ ಮೊದಲು ಜರ್ಮನಿಯ ವಸಾಹತಾಗಿತ್ತು. ದಕ್ಷಿಣದ ಪಾಪುವಾ ಬ್ರಿಟಿಷರಿಂದ ಆಸ್ಟ್ರೇಲಿಯಾದ ಆಡಳಿತಕ್ಕೆ ಬಂದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಭಾಗವೂ ಆಸ್ಟ್ರೇಲಿಯಾದ ವಶವಾಯಿತು. 1960ರ ದಶಕದಲ್ಲಿ ರಾಜಧಾನಿ ಪೋರ್ಟ್ ಮೋರ್ಸ್‌ಬಿಯ ಆಡಳಿತ ತರಬೇತಿ ಕಾಲೇಜಿನಲ್ಲಿ ಓದುತ್ತಿದ್ದ ಕೆಲವು ತರುಣರು ಸಂಜೆ ಒಟ್ಟುಗೂಡಿ, ಡಬ್ಬಿಯ ಮಾಂಸ ತಿನ್ನುತ್ತ ರಾಜಕೀಯ ಚರ್ಚಿಸುತ್ತಿದ್ದರು. ‘ಬುಲ್ಲಿ ಬೀಫ್ ಕ್ಲಬ್’ ಎಂದು ಹೆಸರಾದ ಈ ಗೋಷ್ಠಿಯಿಂದಲೇ 1967ರಲ್ಲಿ ಪಾಂಗು ಪಕ್ಷ ಮೂಡಿತು. ಅದರ ನಾಯಕ ಮೈಕೆಲ್ ಸೊಮಾರೆ 1975ರಲ್ಲಿ ಪ್ರಥಮ ಪ್ರಧಾನಿಯಾದಾಗ ಅವರಿಗೆ ಕೇವಲ 39 ವರ್ಷ.

ನಾಯಕರು ಮತ್ತು ಬರಹಗಾರರು ಅಲ್ಲಿ ಬೇರೆಬೇರೆಯಾಗಿರಲಿಲ್ಲ. ಸೊಮಾರೆಯವರ ಸಂಗಾತಿ ಆಲ್ಬರ್ಟ್ ಮಾವೊರಿ ಕಿಕಿ 1968ರಲ್ಲೇ ಆತ್ಮಕಥೆ ಪ್ರಕಟಿಸಿದ್ದರು. ದೇಶದ ಪ್ರಥಮ ಕಾದಂಬರಿಯನ್ನು 1970ರಲ್ಲಿ ಬರೆದ ವಿನ್ಸೆಂಟ್ ಎರಿ ಮುಂದೆ ಗವರ್ನರ್ ಜನರಲ್ ಆದರು. ವಿದ್ಯಾರ್ಥಿಯಾಗಿದ್ದಾಗ ನಾಟಕ ಬರೆದ ರಬ್ಬಿ ನಮಾಲಿಯು 1988ರಲ್ಲಿ ಪ್ರಧಾನಿಯಾದರು. ಚಿಂಬು ಎಂಬ ಬೆಟ್ಟನಾಡಿನಿಂದ ಕೂಲಿಗಾಗಿ ರಾಜಧಾನಿಗೆ ಬಂದ ಮಥಿಯಾಸ್ ಕೌವಾಗೆ, ತಿಮೋತಿ ಅಕಿಸ್‌ನ ಚಿತ್ರಗಳನ್ನು ಕಂಡು ತಾವೂ ಕುಂಚ ಹಿಡಿದರು. ಅವರ ಚಿತ್ರಗಳಲ್ಲಿ ಹೆಲಿಕಾಪ್ಟರು, ವಿಮಾನ, ರಾಜಕಾರಣಿಗಳೆಲ್ಲ ಬೆಟ್ಟನಾಡಿನ ಹಬ್ಬದ ಬಣ್ಣಗಳನ್ನು ಉಟ್ಟು ನಿಂತಿದ್ದಾರೆ.

ಧ್ವಜದ ಕಥೆ ಇನ್ನಷ್ಟು ಹೃದಯಂಗಮವಾದುದು. ಆಸ್ಟ್ರೇಲಿಯಾದ ಕಲಾವಿದರೊಬ್ಬರು ರಚಿಸಿದ್ದ ವಿನ್ಯಾಸ ಜನರಿಗೆ ರುಚಿಸಲಿಲ್ಲ. ಆಗ ಯೂಲ್ ದ್ವೀಪದ ಶಾಲೆಯಲ್ಲಿ ಓದುತ್ತಿದ್ದ ಸೂಸನ್ ಕರಿಕೆ ಎಂಬ 15ರ ಬಾಲೆ ತನ್ನದೇ ಚಿತ್ರವೊಂದನ್ನು ಬರೆದು ಸಮಿತಿಯ ಮುಂದಿಟ್ಟಳು. ಕೆಂಪು ಮತ್ತು ಕಪ್ಪು, ಹಾರುವ ಸ್ವರ್ಗಪಕ್ಷಿ, ದಕ್ಷಿಣದ ನಕ್ಷತ್ರಪುಂಜ – 1971ರಲ್ಲಿ ಅದೇ ಸ್ವೀಕೃತವಾಯಿತು. ಆದರೆ 2017ರಲ್ಲಿ ಅವರು ತೀರಿಕೊಂಡಾಗ, ಸರ್ಕಾರಿ ಗೌರವಕ್ಕಾಗಿ ಕಾದು ಅಂತ್ಯಕ್ರಿಯೆ ವಾರಗಟ್ಟಲೆ ತಡವಾಯಿತೆಂಬುದು ಖೇದದ ಸಂಗತಿ.

ಬ್ಯಾಂಕಿನಲ್ಲಿ ದುಡಿಯುವ ನನಗೆ ವಿಶೇಷವಾಗಿ ಕಂಡದ್ದು ಆ ದೇಶದ ನಾಣ್ಯ. 1975ರ ಏಪ್ರಿಲ್ 19ರಂದು, ಸ್ವಾತಂತ್ರ್ಯಕ್ಕೂ ಮೊದಲೇ, ‘ಕಿನಾ’ ಮತ್ತು ‘ತೊಯಾ’ ಚಲಾವಣೆಗೆ ಬಂದವು. ಎರಡೂ ಹಿಂದೆ ವಿನಿಮಯಕ್ಕೆ ಬಳಸುತ್ತಿದ್ದ ಚಿಪ್ಪುಗಳ ಹೆಸರುಗಳು: ಒಂದು ಮುತ್ತಿನ ಚಿಪ್ಪು, ಇನ್ನೊಂದು ತೋಳಿಗೆ ಧರಿಸುವ ಚಿಪ್ಪಿನ ಕಡಗ. ಒಂದು ಕಿನಾ ನಾಣ್ಯದ ನಡುವೆ ರಂಧ್ರವೂ ಇತ್ತು. ಪೂರ್ವಿಕರ ಸಂಪತ್ತನ್ನು ಹೊಸ ಸರ್ಕಾರ ತನ್ನ ಹಣದ ಹೆಸರಿನಲ್ಲೇ ಉಳಿಸಿಕೊಂಡಿತು.

ಸೆಪ್ಟೆಂಬರ್ 15ರ ಸಂಜೆ ಆಸ್ಟ್ರೇಲಿಯಾದ ಧ್ವಜ ಇಳಿಯಿತು. ಅದನ್ನು ಇಳಿಸುತ್ತಿದ್ದೇವೆಯೇ ಹೊರತು ಹರಿದುಹಾಕುತ್ತಿಲ್ಲ ಎಂಬ ಅರ್ಥದ ಮಾತನ್ನು ಪ್ರಥಮ ಗವರ್ನರ್ ಜನರಲ್ ಜಾನ್ ಗೈಸ್ ಆಡಿದರು. ಮರುದಿನ ಹೊಸ ಧ್ವಜ ಹಾರಿತು. ವಿಮೋಚನೆಗಾಗಿ ಯುದ್ಧ ನಡೆಯಲಿಲ್ಲ.

ಹಾಗೆಂದು ಎಲ್ಲವೂ ಸುಗಮವಾಯಿತೆಂದಲ್ಲ. ತಾಮ್ರದ ಗಣಿಯುಳ್ಳ ಬೂಗನ್‌ವಿಲ್ ದ್ವೀಪ 1975ರ ಸೆಪ್ಟೆಂಬರ್ 1ರಂದೇ ತಾನು ಪ್ರತ್ಯೇಕವೆಂದು ಸಾರಿತ್ತು. 1988ರಿಂದ ಹತ್ತು ವರ್ಷ ಅಲ್ಲಿ ರಕ್ತ ಹರಿಯಿತು. 2019ರ ಜನಮತದಲ್ಲಿ ಶೇಕಡಾ 97ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯವನ್ನೇ ಬಯಸಿದರು. ಧ್ವಜವನ್ನು ಬಾಲಕಿಯೊಬ್ಬಳು ಕೊಟ್ಟ ದೇಶದಲ್ಲಿ, 2022ರ ಮಹಾಚುನಾವಣೆಯಲ್ಲಿ ಸಂಸತ್ತಿಗೆ ಆಯ್ಕೆಯಾದ ಮಹಿಳೆಯರು ಇಬ್ಬರೇ. ತೊಂಬತ್ತರ ದಶಕದಲ್ಲಿ ಮಕ್ಕಳಿಗೆ ಮೊದಲ ಅಕ್ಷರವನ್ನು ತಾಯ್ನುಡಿಯಲ್ಲಿ ಕಲಿಸುವ ಏರ್ಪಾಡು ಆರಂಭವಾಗಿತ್ತು; 2013ರಲ್ಲಿ ಸರ್ಕಾರ ಮತ್ತೆ ಇಂಗ್ಲಿಷಿನತ್ತ ಹೊರಳಿತು. ಆ ನಾಡಿನ ಇಂದಿನ ಯುವ ನಾಯಕರ, ಕಲಾವಿದರ ಮುಂದಿರುವುದು ಈ ಬಾಕಿಯ ಲೆಕ್ಕವೇ.

ನಮ್ಮ ದೇಶಕ್ಕೂ ಅವರಿಗೂ ಒಂದು ನುಡಿಯ ನಂಟಿದೆ. 2023ರ ಮೇ ತಿಂಗಳಲ್ಲಿ ನಮ್ಮ ಪ್ರಧಾನಿಯವರು ಪೋರ್ಟ್ ಮೋರ್ಸ್‌ಬಿಗೆ ಹೋದಾಗ, ಅಲ್ಲಿನ ಸಂಪರ್ಕಭಾಷೆ ತೋಕ್ ಪಿಸಿನ್‌ಗೆ ಅನುವಾದಗೊಂಡ ‘ತಿರುಕ್ಕುರಳ್’ ಬಿಡುಗಡೆಯಾಯಿತು.

ಅದೇ ಭಾಷೆಯಲ್ಲಿ ‘ವಾಂತೋಕ್’ ಎಂಬ ಪದವಿದೆ. ಒಂದೇ ಮಾತನ್ನಾಡುವವರು ಎಂದರ್ಥ. ಊರು ಬಿಟ್ಟು ಬಂದವನಿಗೆ ಪಟ್ಟಣದಲ್ಲಿ ಊಟ, ವಸತಿ, ಕೆಲಸಕ್ಕೆ ಆಸರೆ ಈ ವಾಂತೋಕರೇ. ಅದು ಅತಿಯಾದರೆ ಸ್ವಜನಪಕ್ಷಪಾತವಾಗುತ್ತದೆಂಬ ಆಕ್ಷೇಪವೂ ಅಲ್ಲಿದೆ. ತನ್ನವರನ್ನು ಕೈಬಿಡದೆ ಪರರನ್ನೂ ದೂರವಿಡದೆ ಬಾಳುವ ಆ ಸಮತೋಲವನ್ನು ಅವರು ಐವತ್ತು ವರ್ಷಗಳಿಂದ ಅರಸುತ್ತಿದ್ದಾರೆ. ಹೊರನಾಡ ಕನ್ನಡಿಗರಾದ ನಾವೂ ಅದೇ ಹಾದಿಯ ಪಯಣಿಗರಲ್ಲವೇ?