ಪಿರಮಿಡ್ಡುಗಳೂ ಇಸ್ರಾಯೇಲ್ಯರ ಬಿಟ್ಟಿಕೆಲಸವೂ

ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿದ್ದಾಗ ಪಿರಮಿಡ್ಡುಗಳನ್ನು ಕಟ್ಟಿದರೆಂಬ ಮಾತು ಪ್ರಸಂಗಗಳಲ್ಲಿ ಆಗಾಗ ಕೇಳಿಬರುತ್ತದೆ. ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೀಫಸನೂ ಹಾಗೆಯೇ ಬರೆದಿದ್ದಾನೆ. ಆದರೆ ವಿಮೋಚನಕಾಂಡವು ಹಾಗೆ ಹೇಳುವುದಿಲ್ಲ. ಅದರ 1:11-14ರಲ್ಲಿ ಕಾಣುವುದು ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣ ಪಟ್ಟಣಗಳು, ಮಣ್ಣು, ಇಟ್ಟಿಗೆ ಮತ್ತು ಹೊಲದ ದುಡಿಮೆ.

ಗೀಜಾದ ಮಹಾ ಪಿರಮಿಡ್ಡಾದರೋ ಕಲ್ಲಿನದು. ಮೊದಲಿಗೆ ಸುಮಾರು 146 ಮೀಟರ್ ಎತ್ತರವಿದ್ದ ಅದನ್ನು ಖೂಫು ಅರಸನ ಸಮಾಧಿಯಾಗಿ ಕ್ರಿ.ಪೂ. 2600-2500ರ ನಡುವೆ ಕಟ್ಟಲಾಯಿತು. ಇಸ್ರಾಯೇಲ್ಯರ ವಿಮೋಚನೆಯನ್ನು ಪಂಡಿತರು ಸಾಮಾನ್ಯವಾಗಿ ಕ್ರಿ.ಪೂ. 15ನೆಯ ಅಥವಾ 13ನೆಯ ಶತಮಾನದಲ್ಲಿಡುತ್ತಾರೆ. ನಡುವಣ ಅಂತರ ಸಾವಿರ ವರ್ಷಕ್ಕೂ ಮಿಗಿಲು.

ಪಿರಮಿಡ್ಡನ್ನು ಕಟ್ಟಿದವರು ಐಗುಪ್ತ್ಯರೇ. 1990ರಿಂದ ಗೀಜಾದಲ್ಲಿ ಅವರ ಸಮಾಧಿಗಳು ಬೆಳಕಿಗೆ ಬಂದಿವೆ. 2013ರಲ್ಲಿ ಕೆಂಪು ಸಮುದ್ರದ ತೀರದ ವಾದಿ ಅಲ್-ಜರ್ಫ್‌ನಲ್ಲಿ ದೊರೆತ ಪಪೈರಸ್ ದಿನಚರಿಯಲ್ಲಿ, ಮೆರೆರ್ ಎಂಬ ಅಧಿಕಾರಿಯ ತಂಡವು ತೂರಾದಿಂದ ಗೀಜಾಕ್ಕೆ ಸುಣ್ಣಕಲ್ಲನ್ನು ದೋಣಿಯಲ್ಲಿ ಸಾಗಿಸಿದ ವಿವರವಿದೆ.

ಈ ಸತ್ಯದಿಂದ ವಿಮೋಚನೆಯ ಸಾಕ್ಷಿ ಕುಗ್ಗುವುದಿಲ್ಲ. ಪಿರಮಿಡ್ಡು ಅರಸನ ಹೆಸರನ್ನು ಉಳಿಸಲೆಂದು ಎದ್ದಿತು. ವಿಮೋಚನಕಾಂಡವಾದರೋ ಫರೋಹನ ಹೆಸರನ್ನೇ ಹೇಳದೆ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರ ಹೆಸರುಗಳನ್ನು ಉಳಿಸಿದೆ. ದೇವರು ಆಲಿಸಿದ್ದು ಇಟ್ಟಿಗೆ ಮಾಡುವವರ ನಿಟ್ಟುಸಿರನ್ನು. ಬೋಧಕನು ಸಾರಬೇಕಾದದ್ದು ಇದನ್ನೇ. ಅದಕ್ಕೆ ಪಿರಮಿಡ್ಡಿನ ಆಸರೆ ಬೇಕಿಲ್ಲ.