ಹುಂಜವೋ ಹೇಂಟೆಯೋ? ರೆಕ್ಕೆ ನೋಡುವ ಮೊದಲು ತಳಿ ಕೇಳಿ

ಒಂದು ದಿನದ ಕೋಳಿಮರಿ ಮಾರೋರು "ಎಲ್ಲಾ ಹೇಂಟೆನೇ, ತಗೊಂಡ್ ಹೋಗಿ" ಅಂತಾರೆ. ಅದರಲ್ಲಿ ಅರ್ಧ ಹುಂಜ ಅಂತ ಗೊತ್ತಾಗುವಷ್ಟರಲ್ಲಿ ಎರಡು-ಮೂರು ತಿಂಗಳ ಫೀಡ್ ಖರ್ಚಾಗಿರುತ್ತದೆ. ರೆಕ್ಕೆ ನೋಡಿ ಗುರುತಿಸುವ ವಿಡಿಯೋಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ವಿಧಾನ ಸುಳ್ಳಲ್ಲ. ಆದರೆ ಎಲ್ಲ ಕೋಳಿಗೂ ನಡೆಯಲ್ಲ.

ಮರಿಯನ್ನು ಅಂಗೈಯಲ್ಲಿ ಹಿಡಿದು ಒಂದು ರೆಕ್ಕೆಯನ್ನು ಬೀಸಣಿಗೆಯಂತೆ ಮೆಲ್ಲಗೆ ಬಿಡಿಸಿ. ಎರಡು ಸಾಲು ಗರಿ ಕಾಣುತ್ತವೆ. ಕೆಳಗಿನ ಸಾಲು ಮುಂದೆ ಹಾರುವ ಗರಿಯಾಗುತ್ತದೆ, ಮೇಲಿನದು ಅದರ ಬುಡ ಮುಚ್ಚುತ್ತದೆ. ಕೆಳಸಾಲು ಎದ್ದು ಕಾಣುವಷ್ಟು ಉದ್ದವಿದ್ದರೆ ಹೇಂಟೆ. ಎರಡೂ ಸಮ ಇದ್ದರೆ, ಇಲ್ಲವೇ ಮೇಲಿನದೇ ಉದ್ದವಿದ್ದರೆ ಹುಂಜ. ಕಣ್ಣಿಗೆ ಸರಿಯಾಗಿ ಕಾಣದಿದ್ರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಇದೆಲ್ಲ ಮರಿ ಹೊರಬಂದ ಮೊದಲ ಒಂದೆರಡು ದಿನದಲ್ಲೇ ಆಗಬೇಕು. ಆಮೇಲೆ ಹುಂಜದ ಗರಿಯೂ ಬೆಳೆದು ವ್ಯತ್ಯಾಸ ಮುಚ್ಚಿಹೋಗುತ್ತದೆ.

ಈ ಗುರುತು ತಾನಾಗಿ ಬರೋದಲ್ಲ, ಕಂಪನಿಗಳು ತಳಿ ಕೂಡಿಸಿ ತಂದದ್ದು. ಬೇಗ ಗರಿ ಬರುವ ಹುಂಜಕ್ಕೆ ನಿಧಾನ ಗರಿ ಬರುವ ಹೇಂಟೆಯನ್ನು ಕೂಡಿಸುತ್ತಾರೆ. ನಿಧಾನದ ಗುಣ ತಾಯಿಯಿಂದ ಗಂಡುಮರಿಗೆ ಮಾತ್ರ ಹೋಗುತ್ತದೆ, ಹೆಣ್ಣುಮರಿ ಅಪ್ಪನಂತೆ ಬೇಗ ಗರಿ ಬಿಡುತ್ತದೆ. ಆ ಮರಿಗಳನ್ನೇ ಸಾಕಿ, ಅವುಗಳಲ್ಲೇ ಕೂಡಿಸಿ ಮೊಟ್ಟೆ ಮರಿ ಮಾಡಿಸಿದಿರೋ, ಲೆಕ್ಕ ಕೆಟ್ಟಿತು. ಮುಂದಿನ ತಲೆಮಾರಿನಲ್ಲಿ ಗಂಡಲ್ಲೂ ಹೆಣ್ಣಲ್ಲೂ ಎರಡು ಥರದ ರೆಕ್ಕೆ ಬರುತ್ತವೆ.

ನಾಟಿ ಕೋಳಿಯಲ್ಲಂತೂ ಇದನ್ನು ನಂಬಬೇಡಿ. ಕಾವು ಕೂತ ಕೋಳಿಯ ಮರಿಗಳು ಒಂದೇ ಗಳಿಗೆಗೆ ಹೊರಬರಲ್ಲ. ಮೊದಲು ಬಂದದ್ದರ ಗರಿ ಉದ್ದ, ಕೊನೆಗೆ ಬಂದದ್ದರದು ಮೋಟು, ಅಷ್ಟೇ. ಅದನ್ನೇ ಗಂಡು-ಹೆಣ್ಣು ಅಂತ ಹೇಳಿ ಮಾರೋರಿದ್ದಾರೆ. ಹಾಗಾಗಿ ಮರಿ ಕೊಳ್ಳುವಾಗ "ಇದು ರೆಕ್ಕೆಯಲ್ಲಿ ಗುರುತು ಸಿಗೋ ತಳಿನಾ?" ಅಂತ ಹ್ಯಾಚರಿಯವರನ್ನೇ ಕೇಳಿ. ಹಾರಿಕೆ ಉತ್ತರ ಬಂದ್ರೆ ಅರ್ಧ ಹುಂಜ ಅಂತಲೇ ಲೆಕ್ಕ ಹಾಕಿ ರೇಟು ಮಾತಾಡಿ.

ನಾಟಿಗೂ ಗರಿ ಗುರುತು ಇದೆ, ಆದರೆ ಕಾಯಬೇಕು. ಸುಮಾರು 12 ವಾರಕ್ಕೆ ಬಾಲದ ಬುಡದ ಮುಂದೆ, ಬೆನ್ನಿನ ಕೊನೆಯ ಗರಿ ನೋಡಿ. ಹುಂಜದಲ್ಲಿ ಅವು ಕಿರಿದಾಗಿ, ತುದಿ ಚೂಪಾಗಿ, ಹೊಳಪಾಗಿ ಇಳಿಬಿದ್ದಿರುತ್ತವೆ. ಹೇಂಟೆಯಲ್ಲಿ ತುದಿ ದುಂಡಗೆ. ಕುತ್ತಿಗೆ ಗರಿಯೂ ಹಾಗೇ. ಜುಟ್ಟು ಅದಕ್ಕೂ ಮೊದಲೇ ಕೆಂಪೇರಿ ಸುಳಿವು ಕೊಡುತ್ತದೆ, ಆದರೆ ಕೆಲವು ಹೇಂಟೆಗೂ ದೊಡ್ಡ ಜುಟ್ಟು ಇರುತ್ತೆ. ಬೆನ್ನಿನ ಗರಿ ನೋಡಿಯೇ ಹುಂಜಗಳನ್ನು ಬೇರೆ ಮಾಡಿ, ಮಾರೋದನ್ನ ಮಾರಿ.